ಪರದೇಶದ ದೊಡ್ಡ ರಜೆ: ನಮ್ಮ ಕಡೆಯವರು ಏನೇನು ಕಲಿತು ಬಂದಿರಿ?

ತುಂಗಾ ತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯಿಂದ ಈಗ ಪರದೇಶಕ್ಕೆ ಹೋಗಿಬರುವವರು ಜಾಸ್ತಿಯಾಗಿದ್ದಾರೆ. ಮಕ್ಕಳ ಮನೆಗೆ ಹೋಗುವವರಿದ್ದಾರೆ, ಟೂರಿಗೆ ಹೋಗುವವರಿದ್ದಾರೆ, ಕೆಲಸಕ್ಕೆ ರಜೆ ಹಾಕಿ ಒಬ್ಬೊಬ್ಬರೇ ಸುತ್ತುವ ಹುಡುಗ ಹುಡುಗಿಯರೂ ಇದ್ದಾರೆ. ಬಂದವರು ಫೋಟೋ ತೋರಿಸುತ್ತಾರೆ. ಅಲ್ಲಿ ಕಲಿತದ್ದನ್ನು ಮಾತ್ರ ಮದುವೆಮನೆ ಪಂಕ್ತಿಯಲ್ಲಿ ಕೂತಾಗ ಅರ್ಧ ಹೇಳುತ್ತಾರೆ, ಅಷ್ಟರಲ್ಲಿ ಸಾರು ಬಂದುಬಿಡುತ್ತದೆ. ಅದನ್ನೆಲ್ಲ ಇಲ್ಲಿ ಬರೆದಿಡೋಣ. ಸಣ್ಣ ಸಣ್ಣ ಸಂಗತಿ ಸಾಕು. ಓದಿದರೆ ಖುಷಿಯಾಗಬೇಕು, ಮುಂದೆ ಹೋಗುವವರಿಗೆ ಉಪಯೋಗವೂ ಆಗಬೇಕು.

ಮೊದಲು ನನ್ನದು. ಮಗಳು ಜರ್ಮನಿಯ ಫ್ರೈಬುರ್ಗ್‌ನಲ್ಲಿದ್ದಾಳೆ. ಬ್ಲ್ಯಾಕ್ ಫಾರೆಸ್ಟ್ ಗುಡ್ಡಗಳ ಬುಡದಲ್ಲಿರುವ ಊರು. ನಾನು, ನಮ್ಮ ಯಜಮಾನರು, ಅತ್ತೆ ಮೂವರೂ ಬೇಸಿಗೆಯಲ್ಲಿ ಹೋಗಿದ್ದೆವು. ಅಲ್ಲಿದ್ದಷ್ಟೂ ಕಾಲ ಬೇರೆ ದೇಶ ನೋಡಲು ಓಡಲಿಲ್ಲ. ಅದಕ್ಕೇ ನನ್ನ ಮೊದಲ ಮಾತು ಇದು: ದೊಡ್ಡ ರಜೆ ಸಿಕ್ಕಿದರೆ ಒಂದೇ ಊರಲ್ಲಿ ಕೂತುಬಿಡಿ. ಬೇಕರಿಯವಳು ನಮ್ಮನ್ನು ಗುರುತು ಹಿಡಿದು ನಗುವಷ್ಟು ದಿನ ಇರಬೇಕು. ಆಗಲೇ ಆ ಊರು ನಮಗೆ ಏನಾದರೂ ಕಲಿಸುತ್ತದೆ.

ಅತ್ತೆಗೆ ದೊಡ್ಡ ತಲೆನೋವಾದದ್ದು ದೀಪ ಹಚ್ಚುವ ಹೊತ್ತು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆಗೆ. ಮೊದಲ ದಿನ ಅವರು ಕೈಕಾಲು ತೊಳೆದು ಕಿಟಕಿ ಹತ್ತಿರ ಕೂತರು. ಏಳಾಯಿತು, ಎಂಟಾಯಿತು, ಹೊರಗೆ ಮಕ್ಕಳು ಇನ್ನೂ ಸೈಕಲ್ ಹೊಡೆಯುತ್ತಿದ್ದರು. ಊಟ ಮುಗಿಸಿ ದೀಪ ಹಚ್ಚುವುದು ಅವರಿಗೆ ಸರಿ ಅನ್ನಿಸಲಿಲ್ಲ. ಕೊನೆಗೆ ಅವರೇ ತೀರ್ಮಾನ ಮಾಡಿದರು: "ಗಡಿಯಾರ ನೋಡಿ ಏಳಕ್ಕೆ ಹಚ್ಚುತ್ತೇನೆ. ದೇವರಿಗೆ ನಮ್ಮೂರಿನ ಟೈಮ್ ಗೊತ್ತಿದೆ." ಅಲ್ಲಿಂದ ಮುಂದೆ ಮನೆಯಲ್ಲಿ ಎಲ್ಲವೂ ಸರಾಗವಾಯಿತು. ಬೇಸಿಗೆಯಲ್ಲಿ ಯೂರೋಪಿಗೆ ಹೋಗುವವರು ಊಟ, ನಿದ್ದೆ, ಮಾತ್ರೆ ಎಲ್ಲವನ್ನೂ ಗಡಿಯಾರಕ್ಕೆ ಕಟ್ಟಿಹಾಕಿ. ಬೆಳಕು ನೋಡಿಕೊಂಡು ಕೂತರೆ ನಿದ್ದೆ ಕೆಡುತ್ತದೆ.

ಭಾನುವಾರ ಅಂಗಡಿ ಇಲ್ಲ. ನಿಜವಾಗಿಯೂ ಇಲ್ಲ. ಜರ್ಮನಿಯಲ್ಲಿ ಅದು ಕಾನೂನು. ರೈಲು ನಿಲ್ದಾಣದ ಅಂಗಡಿ, ಕೆಲವು ಬೇಕರಿ, ಪೆಟ್ರೋಲ್ ಬಂಕ್ ಬಿಟ್ಟರೆ ಊರಿಗೆ ಊರೇ ಬಾಗಿಲು ಹಾಕುತ್ತದೆ. ಹುಲ್ಲು ಕತ್ತರಿಸುವ ಮಷಿನ್ ಕೂಡ ಓಡಿಸುವ ಹಾಗಿಲ್ಲ. ಹಾಲು ಮೊಸರು ಶನಿವಾರವೇ ತಂದಿಡಬೇಕು. ಯಜಮಾನರಿಗೆ ಖಾಲಿ ಬಾಟಲಿಯ ಹುಚ್ಚು ಹಿಡಿಯಿತು. ಪ್ಲಾಸ್ಟಿಕ್ ಬಾಟಲಿ ಕೊಳ್ಳುವಾಗ 25 ಸೆಂಟ್ ಠೇವಣಿ ಸೇರಿಸಿ ತಗೊಳ್ಳುತ್ತಾರೆ. ಸೂಪರ್ ಮಾರ್ಕೆಟ್ಟಿನ ಮಷಿನ್ನಿಗೆ ಖಾಲಿ ಬಾಟಲಿ ಹಾಕಿದರೆ ಚೀಟಿ ಬರುತ್ತದೆ, ಆ ಚೀಟಿಯಲ್ಲಿ ಸಾಮಾನು ಕೊಳ್ಳಬಹುದು. ನಮ್ಮ ಜೋಗದಲ್ಲಿ, ಆಗುಂಬೆ ಘಾಟಿಯಲ್ಲಿ ಬಾಟಲಿ ಎಸೆಯುವುದನ್ನು ನಿಲ್ಲಿಸಲು ಇದಕ್ಕಿಂತ ಒಳ್ಳೆ ದಾರಿ ನನಗೆ ಕಾಣುವುದಿಲ್ಲ. ಯಾರಾದರೂ ಈ ವಿಷಯವನ್ನು ಗಟ್ಟಿಯಾಗಿ ಹಿಡಿಯಬೇಕು.

ಇನ್ನೊಂದು ಡೇರೆ ಹೂವಿನ (ಡೇಲಿಯಾ) ವಿಷಯ. ಮಲೆನಾಡಿನ ಹೆಂಗಸರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಪಕ್ಕದ ಮನೆಯ ಅಜ್ಜಿಯ ಅಂಗಳದಲ್ಲಿ ತಟ್ಟೆಯಷ್ಟು ದೊಡ್ಡ ಡೇರೆ. ಅತ್ತೆಗೆ ಜರ್ಮನ್ ಬಾರದು, ಆ ಅಜ್ಜಿಗೆ ಕನ್ನಡ ಬಾರದು. ಇಬ್ಬರೂ ಬೇಲಿ ಹತ್ತಿರ ನಿಂತು ಗೊಬ್ಬರ ಯಾವುದು, ಮೊಗ್ಗು ಎಷ್ಟು ಚಿವುಟಬೇಕು ಅಂತ ಕೈಯಲ್ಲೇ ಮಾತಾಡಿ ಮುಗಿಸಿದರು. ಹೊರಡುವ ಹೊತ್ತಿಗೆ ಅಜ್ಜಿ ಗೆಡ್ಡೆ ಕೊಡಲು ಬಂದರು. ಅದನ್ನು ತರುವ ಹಾಗಿಲ್ಲ. ನಮ್ಮ ದೇಶದ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಗೆಡ್ಡೆ, ಬೀಜ, ಗಿಡ ತರಲು ಅನುಮತಿ ಪತ್ರ ಬೇಕು. ಅತ್ತೆಗೆ ಬೇಜಾರಾಯಿತು, ಆದರೆ ತೋಟದವರ ಮನೆಯಲ್ಲಿ ಹುಟ್ಟಿದವರಿಗೆ ಪರದೇಶದ ರೋಗ ಗಿಡದ ಜೊತೆ ಬರುತ್ತದೆ ಅನ್ನುವುದು ಬೇಗ ಅರ್ಥವಾಗುತ್ತದೆ.

ನೀವು ಬರೆಯಿರಿ.

ಭದ್ರಾವತಿ ಹುಡುಗ

ಅಕ್ಕಾ, ಫ್ರೈಬುರ್ಗ್ ಬೀದಿಯಲ್ಲಿ ಸಣ್ಣ ಸಣ್ಣ ನೀರಿನ ಕಾಲುವೆ ಹರಿಯುತ್ತದಂತೆ, ನಿಜವಾ?

ತುಂಗಾ ತೀರ (ಶಿವಮೊಗ್ಗ)

ನಿಜ ತಮ್ಮಾ. ಬೆಖ್ಲೆ ಅಂತಾರೆ. ಡ್ರೈಸಾಮ್ ನದಿಯ ನೀರು. ಹಳೇ ಊರಿನ ಬೀದಿಗಳ ಅಂಚಿನಲ್ಲಿ ಹರಿಯುತ್ತಿರುತ್ತದೆ, ಮಕ್ಕಳು ದಾರ ಕಟ್ಟಿದ ಮರದ ದೋಣಿ ಬಿಡುತ್ತಾರೆ. ಗೊತ್ತಿಲ್ಲದೆ ಅದರಲ್ಲಿ ಕಾಲಿಟ್ಟವರಿಗೆ ಆ ಊರಿನವರೇ ಗಂಡನೋ ಹೆಂಡತಿಯೋ ಆಗುತ್ತಾರೆ ಅನ್ನುವ ನಂಬಿಕೆ ಇದೆ. ನೀನು ಹೋಗುವುದಾದರೆ ಮನೆಯಲ್ಲಿ ಕೇಳಿಕೊಂಡು ಹೋಗು.

ತೋಟದ ಮನೆ (ತೀರ್ಥಹಳ್ಳಿ)

ದೊಡ್ಡ ರಜೆ ಅಂದಕೂಡಲೇ ನಮಗೆ ಮೊದಲು ಬರುವ ಪ್ರಶ್ನೆ ಕೊಟ್ಟಿಗೆಯದು. ಹಾಲು ಕರೆಯುವವರು ಯಾರು, ನಾಯಿಗೆ ಅನ್ನ ಹಾಕುವವರು ಯಾರು? ಕೊಯ್ಲು ಶುರುವಾದ ಮೇಲೆ ಹೊರಡುವ ಮಾತೇ ಇಲ್ಲ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಔಷಧಿ ಹೊಡೆಯಬೇಕು, ನಲವತ್ತು ನಲವತ್ತೈದು ದಿನಕ್ಕೆ ಮತ್ತೆ ಹೊಡೆಯಬೇಕು. ಹಾಗಾಗಿ ತೋಟ ಇದ್ದವರಿಗೆ ಉಳಿಯುವುದು ಏಪ್ರಿಲ್, ಮೇ ಮಾತ್ರ. ನಾವು ಷಡ್ಡಕನ ಜೊತೆ ಒಪ್ಪಂದ ಮಾಡಿಕೊಂಡೆವು: ಒಂದು ವರ್ಷ ಅವರು ನಮ್ಮ ಮನೆಯಲ್ಲಿ, ಇನ್ನೊಂದು ವರ್ಷ ನಾವು ಅವರ ಮನೆಯಲ್ಲಿ. ಇದು ಚೆನ್ನಾಗಿ ನಡೆಯುತ್ತಿದೆ. ತೋಟದವರು ಪರದೇಶ ನೋಡಬೇಕೆಂದರೆ ಟಿಕೆಟ್ಟಿಗಿಂತ ಮುಂಚೆ ಇದನ್ನು ಹೊಂದಿಸಿಕೊಳ್ಳಬೇಕು.

ನಾವು ಹೋದದ್ದು ಫ್ರಾನ್ಸಿಗೆ. ನಾನು ಮಗನಿಗೆ ಕೇಳಿದ್ದು ಒಂದೇ: ಐಫೆಲ್ ಟವರ್ ನೋಡಿದರೂ ಸರಿ, ಬಿಟ್ಟರೂ ಸರಿ, ನನ್ನನ್ನು ಬೋರ್ಡೋ ಊರಿಗೆ ಕರೆದುಕೊಂಡು ಹೋಗು. ಚಿಕ್ಕಂದಿನಿಂದ ಅಡಿಕೆಗೆ ಹೊಡೆಯುವ ಆ ಔಷಧಿ, ಬೋರ್ಡೋ ದ್ರಾವಣ, ಕಲಸುವುದನ್ನು ನೋಡಿಕೊಂಡು ಬೆಳೆದವನು ನಾನು. ಮೈಲುತುತ್ತ (ತಾಮ್ರದ ನೀಲಿ ಉಪ್ಪು) ಒಂದು ಕಡೆ, ಸುಣ್ಣ ಒಂದು ಕಡೆ ಕರಗಿಸಿ, ಎರಡನ್ನೂ ಸೇರಿಸಿ, ಕಬ್ಬಿಣದ ಚೂರಿ ಅದ್ದಿ ಪರೀಕ್ಷೆ ಮಾಡುವುದು. ಚೂರಿಗೆ ತಾಮ್ರ ಹಿಡಿದರೆ ಸುಣ್ಣ ಸಾಲದು ಅಂತ ಅರ್ಥ. ಇದು ಹುಟ್ಟಿದ ಊರನ್ನು ಕಣ್ಣಾರೆ ನೋಡಬೇಕಿತ್ತು.

ಅಲ್ಲಿ ಕೇಳಿದ ಕತೆ ಹೀಗಿದೆ. ಅಮೆರಿಕದಿಂದ ಬಂದ ಬೂಜು ರೋಗ 1878ರ ಹೊತ್ತಿಗೆ ಫ್ರಾನ್ಸಿನ ದ್ರಾಕ್ಷಿಗೆ ತಗುಲಿಕೊಂಡಿತು. ಬೋರ್ಡೋ ಹತ್ತಿರದ ಮೆಡಾಕ್ ಕಡೆಯ ರೈತರು ರಸ್ತೆ ಪಕ್ಕದ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣ ಕಲಸಿ ಎರಚುತ್ತಿದ್ದರು. ಅದು ರೋಗಕ್ಕಲ್ಲ, ಹಣ್ಣು ಕೀಳುವ ದಾರಿಹೋಕರನ್ನು ಹೆದರಿಸಲಿಕ್ಕೆ. ನೀಲಿ ಬಣ್ಣ ಕಂಡರೆ ಯಾರೂ ಬಾಯಿಗೆ ಹಾಕುವುದಿಲ್ಲ ನೋಡಿ. ಬೋರ್ಡೋ ವಿಶ್ವವಿದ್ಯಾಲಯದ ಪ್ರೊಫೆಸರ್ ಮಿಯಾರ್ಡೆ ಗಮನಿಸಿದ್ದೇನೆಂದರೆ, ಆ ಸಾಲುಗಳಿಗೆ ಮಾತ್ರ ರೋಗವಿಲ್ಲ! ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ದ್ರಾಕ್ಷಿ ಕಳ್ಳರಿಗೆ ಹುಡುಕಿದ ಉಪಾಯ ಇವತ್ತು ನಮ್ಮ ಅಡಿಕೆ ಮರದ ತುದಿಯಲ್ಲಿದೆ. ಎಂಥ ಆಶ್ಚರ್ಯ ಮಾರಾಯ್ರೆ.

ಒಂದು ದ್ರಾಕ್ಷಿ ತೋಟದವರು ನಮ್ಮನ್ನು ಒಳಗೆ ಕರೆದರು. ಮಗ ನಡುವೆ ನಿಂತು ಮಾತು ದಾಟಿಸಿದ. ಅಡಿಕೆ ಮರ ಎಷ್ಟು ಎತ್ತರ, ಮಳೆಗಾಲದಲ್ಲಿ ಜಾರುವ ಮರ ಹತ್ತಿ ಹೇಗೆ ಹೊಡೆಯುತ್ತಾರೆ ಅಂತ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಅವರು ಕೆಲಸದವರನ್ನೆಲ್ಲ ಕರೆದು ಮತ್ತೆ ಮತ್ತೆ ಹಾಕಿಸಿ ನೋಡಿದರು. ಅವರ ದ್ರಾಕ್ಷಿ ಸೊಂಟದ ಎತ್ತರ ಅಷ್ಟೇ. ಆದರೆ ಅವರಿಗೆ ನಮಗಿಲ್ಲದ ಇನ್ನೊಂದು ಕಟ್ಟು ಇದೆ. ತಾಮ್ರ ಮಣ್ಣಿನಲ್ಲಿ ಉಳಿದುಬಿಡುತ್ತದೆ ಅಂತ ಯೂರೋಪಿನಲ್ಲಿ 2019ರಿಂದ ಮಿತಿ ಹಾಕಿದ್ದಾರೆ: ಒಂದು ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕಿಲೋ ತಾಮ್ರ, ಅದಕ್ಕಿಂತ ಹೆಚ್ಚು ಹಾಕುವ ಹಾಗಿಲ್ಲ. ಪ್ರತಿ ಸಲ ಹೊಡೆದದ್ದನ್ನು ಪುಸ್ತಕದಲ್ಲಿ ಬರೆಯುತ್ತಾರೆ. ನಾನೂ ಈಗ ಬರೆಯುತ್ತಿದ್ದೇನೆ. ತೋಟದ ಮಣ್ಣು ಮೊಮ್ಮಕ್ಕಳಿಗೂ ಬೇಕಲ್ಲ.

ನಾನು ಹೇಳುವುದಿಷ್ಟೇ. ಪರದೇಶಕ್ಕೆ ಹೋದಾಗ ನಿಮ್ಮ ಕಸುಬಿನವರನ್ನು ಹುಡುಕಿ. ನೇಕಾರರಾದರೆ ನೇಕಾರರನ್ನು, ಮೇಷ್ಟ್ರಾದರೆ ಶಾಲೆಯನ್ನು. ಮಾತು ಬರದಿದ್ದರೂ ಕೆಲಸದ ಕೈ ನೋಡಿದರೆ ಎಲ್ಲ ತಿಳಿಯುತ್ತದೆ.

ಕೊಪ್ಪದ ಕಾಫಿ

ತೋಟದ ಮನೆಯವರೇ, ತುಂಬಾ ಒಳ್ಳೆಯದು ಬರೆದಿರಿ. ಒಂದು ಮಾತು ಸೇರಿಸುತ್ತೇನೆ. ಆ ದ್ರಾವಣವನ್ನು ನಮ್ಮ ಅಡಿಕೆಯ ಕೊಳೆರೋಗಕ್ಕೆ (ಮಳೆಗಾಲದಲ್ಲಿ ಕಾಯಿ ಕೊಳೆತು ಉದುರುವ ರೋಗ) ಹಚ್ಚಿ ನೋಡಿದವರು ಲೆಸ್ಲಿ ಕೋಲ್ಮನ್. ಕೆನಡಾದವರು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಕೆಲಸಕ್ಕೆ ಬಂದರು. ನಮ್ಮ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಲ್ಲಿ ಶುರುವಾದದ್ದರ ಹಿಂದೆಯೂ ಅವರೇ. ಫ್ರಾನ್ಸಿನ ಔಷಧಿ, ಕೆನಡಾದ ವಿಜ್ಞಾನಿ, ಮಲೆನಾಡಿನ ಅಡಿಕೆ.

ನಾನು ಹೋದದ್ದು ಇಟಲಿಗೆ. ಕಾರಣ ಕಾಫಿ. ಭಾರತದ ಕಾಫಿಯನ್ನು ಅತಿ ಹೆಚ್ಚು ಕೊಳ್ಳುವ ದೇಶ ಅದು. ನಮ್ಮ ರೊಬಸ್ಟಾ ಅಲ್ಲಿ ಏನಾಗುತ್ತದೆ ಅಂತ ನೋಡುವ ಆಸೆ. ಅಲ್ಲಿ ಕಾಫಿ ಅಂತ ಕೇಳಿದರೆ ಬರುವುದು ಎಸ್ಪ್ರೆಸೊ, ಎರಡು ಗುಟುಕು ಅಷ್ಟೇ. ಕೌಂಟರಿನಲ್ಲಿ ನಿಂತು ಕುಡಿದರೆ ಒಂದು ರೇಟು, ಮೇಜಿನ ಹತ್ತಿರ ಕೂತರೆ ಬೇರೆ ರೇಟು. ಪೇಟೆ ಚೌಕಗಳಲ್ಲಿ ಈ ವ್ಯತ್ಯಾಸ ಬಹಳ ಇರುತ್ತದೆ. ನಿಂತು ಕುಡಿಯಿರಿ. ಪಕ್ಕದಲ್ಲಿ ನಿಂತವರು ಮಾತಾಡಿಸುತ್ತಾರೆ, ಅದು ಬಿಟ್ಟಿ. ಹಾಲು ಹಾಕಿದ ಕಪುಚಿನೊ ಅಲ್ಲಿಯವರು ಬೆಳಿಗ್ಗೆ ಮಾತ್ರ ಕುಡಿಯುತ್ತಾರೆ. ಊಟ ಆದ ಮೇಲೆ ಕೇಳಿದರೂ ಕೊಡುತ್ತಾರೆ, ಆದರೆ ಮುಖ ನೋಡುತ್ತಾರೆ.

ನೀರಿಗೆ ದುಡ್ಡು ಕೊಡಬೇಡಿ. ರೋಮ್ ಊರಿನ ತುಂಬಾ ನಾಸೋನಿ ಅನ್ನುವ ಕಬ್ಬಿಣದ ನಲ್ಲಿಗಳಿವೆ, ಸುಮಾರು 2,500. ಹಗಲೂ ರಾತ್ರಿ ತಣ್ಣನೆ ಕುಡಿಯುವ ನೀರು. ಕೊಳವೆಯ ಬಾಯಿಗೆ ಬೆರಳು ಹಿಡಿದರೆ ಮೇಲಿನ ತೂತಿನಿಂದ ಕಾರಂಜಿಯ ಹಾಗೆ ಬಾಯಿಗೇ ಬರುತ್ತದೆ. ರೀಜನಲ್ ರೈಲಿನ ಕಾಗದದ ಟಿಕೆಟ್ ತಗೊಂಡರೆ ಹತ್ತುವ ಮುಂಚೆ ಪ್ಲಾಟ್‌ಫಾರಂ ಮೇಲಿನ ಮಷಿನ್ನಿನಲ್ಲಿ ಮುದ್ರೆ ಒತ್ತಿಸಬೇಕು. ಟಿಕೆಟ್ ಕೈಯಲ್ಲಿದ್ದರೂ ಮುದ್ರೆ ಇಲ್ಲದಿದ್ದರೆ ದಂಡ.

ಸೊರಬದ ಅಮ್ಮ

ನಿಮ್ಮದೆಲ್ಲ ಓದಿ ಖುಷಿಯಾಯ್ತು. ನನಗೆ ಸಲಹೆ ಬೇಕು. ಮಗ ಮೆಲ್ಬರ್ನಿನಲ್ಲಿದ್ದಾನೆ. ಸೊಸೆಗೆ ಹೆರಿಗೆ. ಜೂನ್‌ನಲ್ಲಿ ಹೊರಟು ಆರೇಳು ತಿಂಗಳಿಗಲ್ಲದೆ ವಾಪಸು ಇಲ್ಲ. ನಾನೊಬ್ಬಳೇ ವಿಮಾನ ಹತ್ತುವುದು ಇದೇ ಮೊದಲು. ಏನೇನು ಕಟ್ಟಿಕೊಳ್ಳಲಿ? ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಬಾಳಕದ ಮೆಣಸು, ಜೋನಿ ಬೆಲ್ಲ, ಬಾಣಂತಿಗೆ ಕೊಬ್ಬರಿ, ಗಸಗಸೆ, ಮನೆ ಜೇನುತುಪ್ಪ, ಕಾಗದದಷ್ಟು ತೆಳ್ಳಗಿನ ಸಿಹಿತಿಂಡಿ ತೊಡೆದೇವು, ಆಮೇಲೆ ನನ್ನ ಕವಳದ (ಎಲೆ ಅಡಿಕೆಯ) ಸಂಚಿ.

ಭದ್ರಾವತಿ ಹುಡುಗ

ಅಮ್ಮಾ, ಕವಳದ ಸಂಚಿ ಮನೆಯಲ್ಲೇ ಇರಲಿ. ಆಸ್ಟ್ರೇಲಿಯಾದಲ್ಲಿ ಅಡಿಕೆಗೆ ನಿರ್ಬಂಧ ಇದೆ.

ತುಂಗಾ ತೀರ (ಶಿವಮೊಗ್ಗ)

ಮೊದಲು ಅಭಿನಂದನೆ! ಈಗ ಒಂದೊಂದಾಗಿ ನೋಡೋಣ.

ಒಣ ಕೊಬ್ಬರಿ ನಮ್ಮ ಬೆಂಗಳೂರಿನಲ್ಲೇ ತಡೆಯುತ್ತಾರೆ. ಅದರಲ್ಲಿ ಎಣ್ಣೆ ಜಾಸ್ತಿ, ಬೆಂಕಿ ಹತ್ತಿಕೊಳ್ಳಬಹುದು ಅಂತ ವಿಮಾನದಲ್ಲಿ ಬಿಡುವುದಿಲ್ಲ. ಮೆಲ್ಬರ್ನಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತದೆ. ಗಸಗಸೆಯನ್ನು ಸಿಂಗಪುರ ಅಥವಾ ದುಬೈ ದಾರಿಯಲ್ಲಿ ಹೋಗುವವರು ಮುಟ್ಟಲೇಬೇಡಿ. ಆ ದೇಶಗಳಲ್ಲಿ ಅದನ್ನು ಮಾದಕ ವಸ್ತುವಿನ ಜೊತೆ ಸೇರಿಸಿ ನೋಡುತ್ತಾರೆ, ಕಾನೂನು ಬಹಳ ಕಠಿಣ. ನಮಗೆ ಪಾಯಸದ ಸಾಮಾನು, ಅಲ್ಲಿ ಅದು ಅಫೀಮು ಗಿಡದ ಬೀಜ. ಉಪ್ಪಿನಕಾಯಿ, ಜೋನಿ ಬೆಲ್ಲ ಎರಡೂ ದ್ರವದ ಲೆಕ್ಕ. ಕೈಚೀಲದಲ್ಲಿ 100 ಮಿಲಿಲೀಟರಿಗಿಂತ ದೊಡ್ಡ ಡಬ್ಬಿ ಬಿಡುವುದಿಲ್ಲ. ದೊಡ್ಡ ಪೆಟ್ಟಿಗೆಗೆ ಹಾಕಿ, ಎರಡು ಮೂರು ಪ್ಲಾಸ್ಟಿಕ್ ಸುತ್ತಿ ಟೇಪ್ ಹಚ್ಚಿ. ಫೋನಿನ ಪವರ್ ಬ್ಯಾಂಕ್ ಮಾತ್ರ ತಿರುಗಾಮುರುಗಾ, ಅದು ಕೈಚೀಲದಲ್ಲೇ ಇರಬೇಕು.

ಎಲ್ಲಕ್ಕಿಂತ ಮುಖ್ಯ: ಇಳಿಯುವ ಮುಂಚೆ ಕೊಡುವ ಫಾರಂನಲ್ಲಿ ತಿಂಡಿ ಇದೆ ಅಂತ ಹೌದು ಎಂದೇ ಗುರುತು ಮಾಡಿ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಬೀಜ, ಹುಳ, ರೋಗ ಒಳಗೆ ಬಾರದ ಹಾಗೆ ಬಹಳ ಬಿಗಿ ಇಟ್ಟಿದ್ದಾರೆ. ಹೇಳಿದರೆ ನೋಡುತ್ತಾರೆ, ಬೇಡವಾದದ್ದು ತೆಗೆದು ಉಳಿದದ್ದು ಕೊಡುತ್ತಾರೆ. ಹೇಳದೆ ಹೋದರೆ ದಂಡ. ನ್ಯೂಜಿಲೆಂಡಿನಲ್ಲಿ ಸ್ಥಳದಲ್ಲೇ 400 ಡಾಲರ್. ಅಲ್ಲಿಗೆ ಜೇನುತುಪ್ಪ ಅಂತೂ ಒಯ್ಯುವಂತೆಯೇ ಇಲ್ಲ. ನೀವು ಹೋಗುವುದು ಆಸ್ಟ್ರೇಲಿಯಾಕ್ಕೆ, ಆದರೂ ಜೇನು ಬಿಟ್ಟು ಹೋದರೆ ನೆಮ್ಮದಿ. ಯೂರೋಪಿಗೆ ಹೋಗುವವರು ತುಪ್ಪ, ಪೇಡ ಬಿಡಿ. ಹೊರಗಿನ ಹಾಲಿನ ಪದಾರ್ಥ ಅಲ್ಲಿ ಬಿಡುವುದಿಲ್ಲ.

ಸೊರಬದ ಅಮ್ಮ

ಕವಳ ಬಿಟ್ಟು ಅಷ್ಟು ದಿನ! ಆಗಲಿ, ಮೊಮ್ಮಗುವಿನ ಮುಖ ನೋಡಿಕೊಂಡು ಇರುತ್ತೇನೆ. ತೊಡೆದೇವು ಪುಡಿಯಾಗುವುದಿಲ್ಲವಾ?

ಜೋಗದ ಹಾದಿ (ಸಾಗರ)

ಅತ್ತಿಗೆ ರಟ್ಟಿನ ಡಬ್ಬಿಯಲ್ಲಿ ಕಾಗದ ಮಡಚಿ ಇಟ್ಟು ಕೈಚೀಲದಲ್ಲಿ ಒಯ್ದಿದ್ದರು. ಟೊರೊಂಟೊ ತನಕ ಒಂದೂ ಮುರಿಯಲಿಲ್ಲ.

ಅಣ್ಣ ಅಲ್ಲೇ ಇರುವುದು. ಅಲ್ಲಿಂದ ನಯಾಗರಾ ಹತ್ತಿರ. ಸಾಗರದವನು ನಯಾಗರಾ ನೋಡಿದರೆ ಮನಸ್ಸು ಜೋಗದ ಕಡೆಗೇ ಓಡುತ್ತದೆ, ಏನು ಮಾಡುವುದು? ಜೋಗ 253 ಮೀಟರ್. ನಯಾಗರಾದ ದೊಡ್ಡ ಭಾಗ, ಹಾರ್ಸ್‌ಶೂ ಅನ್ನುವುದು, ಸುಮಾರು 57 ಮೀಟರ್. ಅಣ್ಣನ ಮಕ್ಕಳಿಗೆ ಇದನ್ನು ಹೇಳಿದಾಗ ನಂಬಲಿಲ್ಲ. ಆದರೆ ಹತ್ತಿರ ನಿಂತ ಮೇಲೆ ನಾನೂ ಎತ್ತರದ ಮಾತು ಬಿಟ್ಟೆ. ಅಗಲ ಮತ್ತು ನೀರು ಅಲ್ಲಿನ ದೊಡ್ಡಸ್ತಿಕೆ. ಬೇಸಿಗೆಯ ಹಗಲಿನಲ್ಲೂ ಅಷ್ಟೂ ನೀರು.

ಹೇಗೆ ಅಂತ ಕೇಳಿದೆ. ಆಗ ಗೊತ್ತಾದದ್ದು ನಮ್ಮವರೆಲ್ಲ ಓದಬೇಕಾದ ವಿಷಯ. ಅಲ್ಲೂ ಕರೆಂಟಿಗೆ ನೀರು ತಿರುಗಿಸುತ್ತಾರೆ. ನಯಾಗರಾದಲ್ಲಿ ದೊಡ್ಡ ಮಟ್ಟದ ವಿದ್ಯುತ್ ಕೇಂದ್ರ 1895ರಲ್ಲೇ ಶುರುವಾಗಿತ್ತು. ಆದರೆ ಅಮೆರಿಕ ಮತ್ತು ಕೆನಡಾ 1950ರಲ್ಲಿ ಒಪ್ಪಂದ ಮಾಡಿಕೊಂಡವು. ಪ್ರವಾಸಿಗರು ಬರುವ ಕಾಲದಲ್ಲಿ ಹಗಲು ಕನಿಷ್ಠ ಒಂದು ಲಕ್ಷ ಕ್ಯುಸೆಕ್ ನೀರು ಜಲಪಾತದ ಮೇಲೆ ಬೀಳಲೇಬೇಕು. ರಾತ್ರಿ ಮತ್ತು ಚಳಿಗಾಲದಲ್ಲಿ ಐವತ್ತು ಸಾವಿರ. ಉಳಿದದ್ದು ಕರೆಂಟಿಗೆ. ಅಂದರೆ ಜನ ಮಲಗಿದ ಮೇಲೆ ಜಲಪಾತ ಅರ್ಧವಾಗುತ್ತದೆ! ಜೋಗದ ಮೇಲಿನ ಲಿಂಗನಮಕ್ಕಿ ಅಣೆಕಟ್ಟೆ ಪೂರ್ತಿ ತುಂಬಿ 1,819 ಅಡಿ ಮುಟ್ಟಿತಾ ಅಂತ ದಿನಾ ಬೆಳಿಗ್ಗೆ ಪೇಪರಿನಲ್ಲಿ ನೋಡುವ ನಮಗೆ ಈ ಲೆಕ್ಕ ಚೆನ್ನಾಗಿ ತಿಳಿಯುತ್ತದೆ. 1964ರಲ್ಲಿ ಅಣೆಕಟ್ಟೆ ಆದ ಮೇಲೆ ಜೋಗ ಮಳೆಗಾಲದ ಜಲಪಾತವಾಯಿತು. ಕರೆಂಟು ಬೇಕು, ನಾಡಿಗೆ ಬೆಳಕು ಕೊಟ್ಟದ್ದು ಶರಾವತಿ. ಆದರೆ ಬೇಸಿಗೆಯಲ್ಲಿ ಜೋಗಕ್ಕೆ ಇಷ್ಟು ನೀರು ಮೀಸಲು ಅಂತ ಬರೆದಿಡುವುದು ಆಗದ ಕೆಲಸವಲ್ಲ ಅಂತ ನಯಾಗರಾ ನೋಡಿದ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸುತ್ತಿದೆ.

ಇನ್ನೂ ಒಂದು ಸ್ವಾರಸ್ಯ. 1969ರಲ್ಲಿ ಅಮೆರಿಕದ ಕಡೆಯ ಭಾಗಕ್ಕೆ ಒಡ್ಡು ಕಟ್ಟಿ ಜೂನ್‌ನಿಂದ ನವೆಂಬರ್ ತನಕ ನೀರು ಪೂರಾ ನಿಲ್ಲಿಸಿದ್ದರು. ಕೆಳಗಿನ ಬಂಡೆ ಪರೀಕ್ಷೆ ಮಾಡಲಿಕ್ಕೆ. ನೀರಿಲ್ಲದ ಜಲಪಾತ ನೋಡಲೂ ಜನ ಬಂದರಂತೆ. ಬೇಸಿಗೆ ಜೋಗ ನೋಡಲು ಬರುವವರಿಗೆ ಇನ್ನು ಮೇಲೆ ಇದನ್ನೇ ಹೇಳಬಹುದು.

ಮರೆಯುವ ಮುಂಚೆ: ಕೆನಡಾ ವೀಸಾ ಇದ್ದರೆ ಕೆನಡಾದ ಕಡೆ ಮಾತ್ರ. ಸೇತುವೆ ದಾಟಿ ಅಮೆರಿಕಕ್ಕೆ ಕಾಲಿಡಲು ಆ ದೇಶದ ವೀಸಾ ಬೇರೆ ಬೇಕು. ಇದ್ದುದರಲ್ಲಿ ಕೆನಡಾ ಕಡೆಯಿಂದಲೇ ಎದುರಿಗೆ ಪೂರ್ತಿ ಕಾಣುತ್ತದೆ, ಹಾಗಾಗಿ ಚಿಂತೆ ಬೇಡ.

ಹೊಸನಗರ ಹುಡುಗಿ

ಜೋಗದಣ್ಣ, ಜೋಗದ ನೀರಿನ ಮಾತಿಗೆ ನನ್ನದೂ ಒಂದು ಓಟು.

ನಾನು ಜಪಾನಿಗೆ ಹೋಗಿದ್ದು ಅವರ ಮಳೆಗಾಲದಲ್ಲಿ, ಜೂನ್‌ನಲ್ಲಿ. ಗೆಳತಿಯರು ಬೇಡ ಅಂದರು. ಹೊಸನಗರದವಳಿಗೆ ಮಳೆ ಹೆದರಿಕೆ ತೋರಿಸುತ್ತಾರಾ? ಜಪಾನಿನವರ ಹಾಗೆ ಕೊಡೆಗೆ ಮರ್ಯಾದೆ ಕೊಡುವವರನ್ನು ನಾನು ಇನ್ನೆಲ್ಲೂ ನೋಡಿಲ್ಲ. ಅಂಗಡಿ ಬಾಗಿಲಲ್ಲಿ ಕೊಡೆ ಇಡುವ ಸ್ಟ್ಯಾಂಡ್. ದೊಡ್ಡ ಅಂಗಡಿಗಳಲ್ಲಿ ಒದ್ದೆ ಕೊಡೆಗೆ ಉದ್ದನೆಯ ಪ್ಲಾಸ್ಟಿಕ್ ಚೀಲ ತೊಡಿಸುವ ಮಷಿನ್, ನೆಲ ಒದ್ದೆಯಾಗಬಾರದು ಅಂತ. ವರ್ಷದಲ್ಲಿ ಅರ್ಧ ಕೊಡೆ ಹಿಡಿದೇ ಬದುಕುವ ನಮ್ಮ ಬ್ಯಾಂಕು, ಆಸ್ಪತ್ರೆ, ಶಾಲೆಗಳ ಬಾಗಿಲಲ್ಲಿ ಕನಿಷ್ಠ ಒಂದು ಸ್ಟ್ಯಾಂಡ್ ಬೇಡವಾ?

ಚಪ್ಪಲಿ ಹೊರಗೆ ಬಿಡುವುದು, ನೆಲದ ಮೇಲೆ ಕೂರುವುದು, ಇದೆಲ್ಲ ನಮಗೆ ಸಲೀಸು. ಟಾಯ್ಲೆಟ್ಟಿಗೆ ಬೇರೆ ಚಪ್ಪಲಿ ಇರುತ್ತದೆ, ಅದನ್ನು ಅಲ್ಲೇ ಬಿಟ್ಟು ಬರಬೇಕು. ಬಿಸಿನೀರಿನ ಸ್ನಾನದ ಮನೆಯಲ್ಲಿ ಮೊದಲು ಹೊರಗೆ ಕೂತು ಮೈ ಚೆನ್ನಾಗಿ ತೊಳೆದುಕೊಂಡು ಆಮೇಲೆ ತೊಟ್ಟಿಗೆ ಇಳಿಯಬೇಕು. ಆ ನೀರು ಎಲ್ಲರದ್ದು, ಸೋಪು ತಾಗಿಸುವ ಹಾಗಿಲ್ಲ. ಮಳೆಯಲ್ಲಿ ನೆನೆದು ಬಂದು ಆ ನೀರಿನಲ್ಲಿ ಕೂತಾಗ ನಮ್ಮ ಹಂಡೆ ನೀರು ನೆನಪಾಗಿ ಅಮ್ಮನಿಗೆ ಫೋನ್ ಮಾಡಬೇಕು ಅನ್ನಿಸಿತು. ಫೋನ್ ಒಳಗೆ ಬಿಡುವುದಿಲ್ಲ. ರೈಲಿನಲ್ಲೂ ಯಾರೂ ಫೋನಿನಲ್ಲಿ ಮಾತಾಡುವುದಿಲ್ಲ.

ಕಸದ ಡಬ್ಬಿ ಬೀದಿಯಲ್ಲಿ ಸಿಗುವುದಿಲ್ಲ. 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ವಿಷಾನಿಲ ದಾಳಿಯಾದ ಮೇಲೆ ಬಹಳ ಕಡೆ ತೆಗೆದರು. ಆದರೂ ಬೀದಿ ಸ್ವಚ್ಛ. ಎಲ್ಲರೂ ತಮ್ಮ ಕಸ ಚೀಲದಲ್ಲಿ ಹಾಕಿಕೊಂಡು ಮನೆಗೆ ಒಯ್ಯುತ್ತಾರೆ. ನಾನೂ ಒಂದು ಚೀಲ ಇಟ್ಟುಕೊಂಡೆ. ಈಗ ಕೊಡಚಾದ್ರಿಗೆ ಹೋಗುವಾಗಲೂ ಅದು ಬ್ಯಾಗಿನಲ್ಲಿರುತ್ತದೆ.

ಸಸ್ಯಾಹಾರಿಗಳು ಗಮನಿಸಿ: ಅಲ್ಲಿನ ತಿಳಿಸಾರಿನಲ್ಲಿ ತರಕಾರಿ ಮಾತ್ರ ಕಂಡರೂ ಕೆಳಗೆ ದಾಶಿ ಇರುತ್ತದೆ, ಒಣಮೀನಿನ ಕಷಾಯ. ಬೌದ್ಧ ದೇವಸ್ಥಾನಗಳ ಶೋಜಿನ್ ಊಟ ಹುಡುಕಿ. ಮೀನು ಮಾಂಸ ಇಲ್ಲದ ಊಟ, ಸಣ್ಣ ಸಣ್ಣ ಬಟ್ಟಲಲ್ಲಿ ಬಡಿಸುತ್ತಾರೆ.

ಭದ್ರಾವತಿ ಹುಡುಗ

ವಿಯೆಟ್ನಾಂ ಕೂಡ ಹಾಗೇ, ಮೀನಿನ ಸಾಸ್ ಎಲ್ಲದಕ್ಕೂ ಬೀಳುತ್ತದೆ. ಆದರೆ ಚಾಯ್ (chay) ಅಂತ ಬೋರ್ಡ್ ಇರುವ ಹೋಟೆಲ್ ಶುದ್ಧ ಸಸ್ಯಾಹಾರಿ. ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಬಹಳ ಜನ ಅಲ್ಲಿ ಮಾಂಸ ಬಿಡುತ್ತಾರೆ, ಆ ದಿನ ಆಯ್ಕೆ ಜಾಸ್ತಿ.

ಅಲ್ಲಿ ನಾನು ಬೆರಗಾದದ್ದು ಅಡಿಕೆ ನೋಡಿ. ಮದುವೆ ಮಾತುಕತೆಗೆ ಗಂಡಿನ ಕಡೆಯವರು ಕೆಂಪು ತಟ್ಟೆಯಲ್ಲಿ ಅಡಿಕೆ ಗೊನೆ, ವೀಳ್ಯದೆಲೆ ತಗೊಂಡು ಹೋಗುತ್ತಾರೆ. ಹಸಿ ಅಡಿಕೆ. ನಮ್ಮ ಅಪ್ಪನಿಗೆ ಫೋಟೋ ಕಳಿಸಿದರೆ ಇದು ಎಲ್ಲಿಯ ತೋಟ ಅಂತ ಕೇಳಿದರು. ಸೊರಬದ ಅಮ್ಮ, ನಿಮ್ಮ ಮಗನಿಗೆ ಅಲ್ಲಿ ಕೆಲಸ ಸಿಕ್ಕಿದ್ದರೆ ಕವಳದ ಚಿಂತೆ ಇರಲಿಲ್ಲ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ವಿಯೆಟ್ನಾಂನ 20,000 ಮತ್ತು 5,00,000 ನೋಟು ಎರಡೂ ನೀಲಿ. ಕತ್ತಲಲ್ಲಿ ಒಂದೇ ತರ ಕಾಣುತ್ತದೆ. ಬೇರೆ ಬೇರೆ ಜೇಬಿನಲ್ಲಿ ಇಡಿ. ಯಾವ ದೇಶದಲ್ಲೇ ಆಗಲಿ, ಕಾರ್ಡ್ ಉಜ್ಜಿದಾಗ ರೂಪಾಯಿಯಲ್ಲಿ ಕೊಡುತ್ತೀರಾ ಅಲ್ಲಿನ ದುಡ್ಡಿನಲ್ಲಾ ಅಂತ ಮಷಿನ್ ಕೇಳಿದರೆ ಅಲ್ಲಿನ ದುಡ್ಡನ್ನೇ ಒತ್ತಿ. ರೂಪಾಯಿ ಒತ್ತಿದರೆ ಅವರ ರೇಟು ಹಾಕುತ್ತಾರೆ, ಸುಮ್ನೆ ನಷ್ಟ. ನಮ್ಮ ಯುಪಿಐ ಸಿಂಗಪುರ, ದುಬೈ, ಶ್ರೀಲಂಕಾ, ಮಾರಿಷಸ್ ಕಡೆ ಕೆಲವು ಅಂಗಡಿಗಳಲ್ಲಿ ನಡೆಯುತ್ತದೆ. ಐಫೆಲ್ ಟವರ್ ಟಿಕೆಟ್ಟಿಗೂ 2024ರಿಂದ ಇದೆ. ಅದನ್ನೇ ನಂಬಿಕೊಂಡು ಹೋಗಬೇಡಿ.

ವಿಯೆಟ್ನಾಂನ ಹನೋಯ್‌ನಲ್ಲಿ ರಸ್ತೆ ದಾಟುವುದು ಒಂದು ವಿದ್ಯೆ. ಸ್ಕೂಟರ್ ಹೊಳೆ ನಿಲ್ಲುವುದಿಲ್ಲ. ನಿಧಾನಕ್ಕೆ, ಒಂದೇ ವೇಗದಲ್ಲಿ ನಡೆಯುತ್ತಾ ಹೋಗಬೇಕು. ಅವರೇ ಪಕ್ಕಕ್ಕೆ ಸರಿದು ಹೋಗುತ್ತಾರೆ. ಓಡಬಾರದು, ನಡುವೆ ನಿಲ್ಲಬಾರದು.

ಗಾಂಧಿ ಬಜಾರ್ (ಶಿವಮೊಗ್ಗ)

ತುಂಗಾ ತೀರ ಅಕ್ಕನವರ ಮೊದಲ ಮಾತು ನಾನು ಒಪ್ಪುವುದಿಲ್ಲ. ಮಕ್ಕಳ ಮನೆ ಇದ್ದವರು ಒಂದೇ ಊರಲ್ಲಿ ಕೂರಬಹುದು. ಅಂಗಡಿ ಇಟ್ಟುಕೊಂಡವರಿಗೆ ಜೀವನದಲ್ಲಿ ಒಂದು ಸಲ ಸಿಗುವ ರಜೆ. ನಾವು ಗುಂಪಿನ ಟೂರ್‌ನಲ್ಲಿ ಯೂರೋಪು ನೋಡಿ ಬಂದೆವು. ಇಂಗ್ಲಿಷ್ ಬಾರದ ಅಪ್ಪ ಅಮ್ಮ ಜೊತೆಗಿದ್ದರು. ಕನ್ನಡ ಮಾತಾಡುವ ಮ್ಯಾನೇಜರ್, ಜೊತೆಗೇ ಬರುವ ಅಡಿಗೆಯವರು. ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್‌ನಲ್ಲಿ, 3,454 ಮೀಟರ್ ಎತ್ತರದಲ್ಲಿ, ಅಪ್ಪ ಮೊದಲ ಸಲ ಹಿಮ ಮುಟ್ಟಿದರು. ಒಂದು ಊರಲ್ಲೇ ಕೂತಿದ್ದರೆ ಅದು ಆಗುತ್ತಿರಲಿಲ್ಲ. ಓಡಾಟವಾದರೂ ಬಸ್ಸಿನಲ್ಲಿ ಜೊತೆಗಿದ್ದವರೆಲ್ಲ ಈಗ ನೆಂಟರ ಹಾಗೆ ಆಗಿದ್ದಾರೆ.

ತುಂಗಾ ತೀರ (ಶಿವಮೊಗ್ಗ)

ಅಣ್ಣಾ, ನಿಮ್ಮ ಮಾತು ಸರಿ. ವಯಸ್ಸಾದವರನ್ನು ಕರೆದುಕೊಂಡು ಹೋಗುವಾಗ ಊಟ, ಭಾಷೆ ಎರಡೂ ಚಿಂತೆ ಇಲ್ಲದಿದ್ದರೆ ಅದಕ್ಕಿಂತ ದೊಡ್ಡ ಅನುಕೂಲ ಇಲ್ಲ. ನನ್ನ ಮಾತು ಕಾಲಾವಕಾಶ ಇದ್ದವರಿಗೆ. ಒಂದು ಕೋರಿಕೆ ಮಾತ್ರ: ಟೂರ್ ಆದರೂ ಎರಡು ರಾತ್ರಿಯಾದರೂ ಒಂದೇ ಕಡೆ ಮಲಗುವಂಥದ್ದನ್ನು ಆರಿಸಿಕೊಳ್ಳಿ. ದಿನಾ ಬೆಳಿಗ್ಗೆ ಪೆಟ್ಟಿಗೆ ಕಟ್ಟುವುದರಲ್ಲೇ ಹೆಂಗಸರ ರಜೆ ಮುಗಿಯುತ್ತದೆ. ಆಮೇಲೆ ಲಂಡನ್ ಕೂಡ ಸೇರಿದ ಟೂರ್ ಆದರೆ ಬ್ರಿಟನ್ ವೀಸಾ ಬೇರೆಯೇ ಬೇಕು, ಯೂರೋಪಿನ ಬಹಳ ದೇಶಗಳಿಗೆ ಒಂದೇ ಆಗಿ ನಡೆಯುವ ಷೆಂಗೆನ್ ವೀಸಾ ಅಲ್ಲಿಗೆ ನಡೆಯುವುದಿಲ್ಲ.

ಗಾಂಧಿ ಬಜಾರ್ (ಶಿವಮೊಗ್ಗ)

ಪೆಟ್ಟಿಗೆಯ ಮಾತು ಮನೆಯವಳಿಗೆ ಓದಿ ಹೇಳಿದೆ. ನೂರಕ್ಕೆ ನೂರು ಸರಿ ಅಂದಳು. ಲಂಡನ್ ಮಳೆಗೆ ಅಂತ ಮ್ಯಾನೇಜರ್ ಎಲ್ಲರಿಗೂ ರೇನ್‌ಕೋಟ್ ತರಿಸಿದ್ದರು. ಬಿದ್ದದ್ದು ನಮ್ಮ ಕಡೆಯ ತುಂತುರು. ಅಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್, ಆಗುಂಬೆಯಲ್ಲಿ 7,000 ದಾಟುತ್ತದೆ. ಅಮ್ಮ ಸೆರಗು ತಲೆಗೆ ಹೊದ್ದುಕೊಂಡು ಆರಾಮಾಗಿ ನಡೆದರು.

ತೋಟದ ಮನೆ (ತೀರ್ಥಹಳ್ಳಿ)

ಮಳೆ ಅಂದಾಗ ನೆನಪಾಯಿತು, ಸೊರಬದ ಅಮ್ಮನವರಿಗೆ ಇದು ಮುಖ್ಯ. ನೀವು ಜೂನ್‌ನಲ್ಲಿ ಹೊರಟರೆ ಮನೆ ಮಳೆಗಾಲ ಪೂರ್ತಿ ಬೀಗ ಹಾಕಿರುತ್ತದೆ. ಬೂಷ್ಟು ಹಿಡಿಯದ ವಸ್ತು ಉಳಿಯುವುದಿಲ್ಲ. ರೇಷ್ಮೆ ಸೀರೆ, ಹಾಸಿಗೆ, ಕಾಗದ ಪತ್ರ ಎಲ್ಲ. ಪಕ್ಕದ ಮನೆಯವರಿಗೆ ಬೀಗದ ಕೈ ಕೊಟ್ಟು ವಾರಕ್ಕೊಮ್ಮೆ ಬಾಗಿಲು ತೆಗೆದು ಒಲೆಗೆ ಬೆಂಕಿ ಹಾಕಲು ಹೇಳಿ. ಸೀರೆಗಳನ್ನು ಟ್ರಂಕಿನಲ್ಲಿ ಬಿಡಬೇಡಿ, ಮಳೆ ಕಡಿಮೆ ಇರುವ ಕಡೆ ನೆಂಟರಿದ್ದರೆ ಅಲ್ಲಿ ಇಡಿ. ಭೂಮಿಯ ಪತ್ರಗಳನ್ನೂ ಅಷ್ಟೇ.

ಸೊರಬದ ಅಮ್ಮ

ಇದು ಯಾರೂ ಹೇಳಿರಲಿಲ್ಲ. ಸೀರೆ ಎಲ್ಲ ಶಿಕಾರಿಪುರದ ತಂಗಿ ಮನೆಗೆ ಕಳಿಸುತ್ತೇನೆ. ಅಲ್ಲಿ ಮೆಲ್ಬರ್ನಿನಲ್ಲಿ ಮಳೆಯಾ, ಬಿಸಿಲಾ?

ಹೊಸನಗರ ಹುಡುಗಿ

ಅಮ್ಮಾ, ಜೂನ್ ಜುಲೈ ಅಲ್ಲಿ ಚಳಿಗಾಲ. ಭೂಮಿಯ ಆ ಕಡೆ ಕಾಲ ಪೂರಾ ಉಲ್ಟಾ. ಕಾಲುಚೀಲ, ಸ್ವೆಟರ್, ತಲೆಗೆ ಟೋಪಿ ಒಯ್ಯಿರಿ. ನಡು ಮಧ್ಯಾಹ್ನದ ಸೂರ್ಯ ಅಲ್ಲಿ ಉತ್ತರದ ಕಡೆ ಇರುತ್ತದೆ. ಹಪ್ಪಳ ಒಣಗಿಸುವುದಾದರೆ ಉತ್ತರದ ಕಿಟಕಿ ನೋಡಿ. ಸೆಪ್ಟೆಂಬರ್ ಹೊತ್ತಿಗೆ ಮ್ಯಾಗ್‌ಪೈ ಅನ್ನುವ ಕಪ್ಪು ಬಿಳಿ ಹಕ್ಕಿ ಮರಿ ಕಾಯುತ್ತಾ ದಾರಿಹೋಕರ ತಲೆಗೆ ಎರಗುತ್ತದೆ. ಮಗುವನ್ನು ಗಾಡಿಯಲ್ಲಿ ತಿರುಗಾಡಿಸುವಾಗ ಕೊಡೆ ಹಿಡಿಯಿರಿ.

ಸೊರಬದ ಅಮ್ಮ

ಕೊಡೆ ಹಿಡಿಯಲು ನನಗೆ ಯಾರೂ ಕಲಿಸಬೇಕಾಗಿಲ್ಲ ಮಗಾ. ಈಗ ಕೊನೆಯ ಒಂದು ಭಯ. ಆ ಫಾರಂ ಇಂಗ್ಲಿಷ್‌ನಲ್ಲಿರುತ್ತದಲ್ಲ. ನಡುವೆ ವಿಮಾನ ಬದಲಾಯಿಸುವುದೂ ಇದೆ.

ಭದ್ರಾವತಿ ಹುಡುಗ

ಎರಡಕ್ಕೂ ದಾರಿ ಇದೆ. ಟಿಕೆಟ್ ತೆಗೆಯುವಾಗಲೇ ವೀಲ್‌ಚೇರ್ ಸಹಾಯ ಬೇಕು ಅಂತ ಮಗನಿಗೆ ಹಾಕಲು ಹೇಳಿ. ನಿಮಗೆ ಉದ್ದದ ದಾರಿ ನಡೆಯಲು ಕಷ್ಟವಾದರೆ ನಾಚಿಕೆ ಪಡಬೇಡಿ, ವಿಮಾನ ಬದಲಾಯಿಸುವ ಕಡೆ ಗೇಟಿನ ತನಕ ಬಿಟ್ಟು ಬರುತ್ತಾರೆ. ಫಾರಂನ ಮಾದರಿ ಅಲ್ಲಿನ ಸರ್ಕಾರದ ವೆಬ್‌ಸೈಟಿನಲ್ಲಿದೆ. ಮಗನಿಗೆ ಅದನ್ನು ತುಂಬಿ ಕಳಿಸಲು ಹೇಳಿ, ಪ್ರಿಂಟ್ ತೆಗೆದು ಪಾಸ್‌ಪೋರ್ಟ್ ಜೊತೆ ಇಟ್ಟುಕೊಳ್ಳಿ. ವಿಮಾನದಲ್ಲಿ ಕೊಟ್ಟ ಫಾರಂಗೆ ನೋಡಿಕೊಂಡು ಬರೆದರಾಯಿತು. ಒಯ್ಯುವ ತಿಂಡಿಗಳ ಪಟ್ಟಿಯನ್ನೂ ಇಂಗ್ಲಿಷ್‌ನಲ್ಲಿ ಒಂದು ಚೀಟಿ ಮಾಡಿ. ಹಲಸಿನ ಹಪ್ಪಳ ಅಂದರೆ ಏನು ಅಂತ ಅಧಿಕಾರಿ ಕೇಳಿದರೆ ಆ ಚೀಟಿ ತೋರಿಸಿ. ನಿಮ್ಮ ಪಟ್ಟಿ ಇಲ್ಲಿ ಹಾಕಿ ಅಮ್ಮಾ, ನಾನು ಇವತ್ತೇ ಬರೆದು ಕೊಡುತ್ತೇನೆ.

ಸೊರಬದ ಅಮ್ಮ

ಅಪ್ಪೆಮಿಡಿ ಒಂದು ಡಬ್ಬಿ, ಹಪ್ಪಳ ಎರಡು ಕಟ್ಟು, ಬಾಳಕ ಅರ್ಧ ಕಿಲೋ, ಜೋನಿ ಬೆಲ್ಲ ಒಂದು ಬಾಟಲಿ, ತೊಡೆದೇವು ಒಂದು ಡಬ್ಬಿ, ಕಷಾಯದ ಪುಡಿ. ಅಡಿಕೆ, ಕೊಬ್ಬರಿ, ಗಸಗಸೆ, ಜೇನು ತೆಗೆದಿದ್ದೇನೆ. ಕಷಾಯದ ಪುಡಿಯಲ್ಲಿ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸು ಇದೆ ಅಂತಲೂ ಬರೆ.